ಪಾರಿವಾಳಕ್ಕೂ ಒಂದು ಕಸುಬು ಬೇಕು

ಅಮೆರಿಕದ ಡಿಸಿ ಕಾಮಿಕ್ಸ್ 1968ರಲ್ಲಿ ಹ್ಯಾಂಕ್ ಮತ್ತು ಡಾನ್ ಹಾಲ್ ಎಂಬ ಇಬ್ಬರು ಸೋದರರನ್ನು ಸೂಪರ್‌ಹೀರೋಗಳನ್ನಾಗಿ ಮಾಡಿತು. ಹ್ಯಾಂಕ್ ‘ಹಾಕ್’, ಅಂದರೆ ಗಿಡುಗ: ಅನ್ಯಾಯ ಕಂಡಲ್ಲಿ ಮೊದಲು ಹೊಡೆತ, ಮಿಕ್ಕಿದ್ದು ಆಮೇಲೆ. ಡಾನ್ ‘ಡವ್’, ಪಾರಿವಾಳ: ಎಂಥ ಸಂದರ್ಭದಲ್ಲೂ ಹಿಂಸೆ ಸಲ್ಲದು ಎನ್ನುವವನು. ವಿಯೆಟ್ನಾಂ ಯುದ್ಧ ಅಮೆರಿಕದ ಮನೆಮನೆಯನ್ನೂ ಎರಡಾಗಿ ಒಡೆದಿದ್ದ ಕಾಲ ಅದು. ಈ ಕಾಮಿಕ್ಸ್ ಓದುತ್ತಿದ್ದ ಹುಡುಗರಿಗೆ ಸೈನ್ಯದ ಕರೆಪತ್ರ ಇಂದಲ್ಲ ನಾಳೆ ಬರುವುದಿತ್ತು. ಇಷ್ಟು ಬಿಸಿಯಾದ ವಸ್ತುವಿದ್ದೂ ಅವರದೇ ಹೆಸರಿನ ಪತ್ರಿಕೆ ಆರು ಸಂಚಿಕೆಗಳಿಗೆ ನಿಂತುಹೋಯಿತು. ಅಂದಿನಿಂದ ಈ ಜೋಡಿಯನ್ನು ಎಷ್ಟೋ ಬಾರಿ ಎಬ್ಬಿಸಿ ನಿಲ್ಲಿಸಿದ್ದಾರೆ. ಯಾವುದೂ ಬಹುಕಾಲ ಬಾಳಲಿಲ್ಲ.

ಕಾಲ ಬದಲಾಯಿತು, ಯುದ್ಧ ಮುಗಿಯಿತು, ವಸ್ತು ಹಳತಾಯಿತು ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೋಷ ಇದ್ದದ್ದು ಜೋಡಿಯನ್ನು ಕಟ್ಟಿದ ರೀತಿಯಲ್ಲೇ. ಚಿತ್ರಕಾರ ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲಿ ಒಬ್ಬ. ವ್ಯಕ್ತಿವಾದಿ ಲೇಖಕಿ ಐನ್ ರ್‍ಯಾಂಡ್‌ಳ ವಿಚಾರಗಳನ್ನು ಗಾಢವಾಗಿ ನಂಬಿದವನು. ಸಂಭಾಷಣೆ ಬರೆದ ಸ್ಟೀವ್ ಸ್ಕೀಟ್ಸ್ ಉದಾರವಾದಿ. ವಿರುದ್ಧ ಮನಸ್ಸಿನ ಇಬ್ಬರು ಸೇರಿ ವಿರುದ್ಧ ಮನಸ್ಸಿನ ಇಬ್ಬರನ್ನು ಸೃಷ್ಟಿಸುವುದಕ್ಕಿಂತ ಒಳ್ಳೆಯ ಏರ್ಪಾಟು ಇನ್ನೇನಿದ್ದೀತು? ಆದರೆ ತಾನು ಡವ್‌ನಿಂದ ಧೈರ್ಯದ ಕೆಲಸ ಮಾಡಿಸಿದಾಗಲೆಲ್ಲ ಅದು ಆ ಪಾತ್ರಕ್ಕೆ ಹೊಂದುವುದಿಲ್ಲವೆಂದು ಬದಲಾಯಿಸಿ ಹಾಕ್‌ನ ಪಾಲಿಗೆ ಕೊಡುತ್ತಿದ್ದರು ಎಂದು ಸ್ಕೀಟ್ಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಅಹಿಂಸೆ ಎಂದರೆ ಅಂಜಿಕೆ ಎಂಬ ತೀರ್ಪು ಕತೆ ಶುರುವಾಗುವ ಮೊದಲೇ ಬಂದುಬಿಟ್ಟಿತ್ತು. ಸಾಲದ್ದಕ್ಕೆ, ಇಬ್ಬರಿಗೂ ಸಿಕ್ಕಿದ ಶಕ್ತಿ ಹೆಚ್ಚುಕಡಿಮೆ ಒಂದೇ: ಹೆಚ್ಚಿನ ಬಲ, ಹೆಚ್ಚಿನ ಚುರುಕು. ಆ ಬಲದಿಂದ ಏನು ಮಾಡಬೇಕೆಂದು ಹಾಕ್‌ಗೆ ಗೊತ್ತು. ಡವ್ ತಪ್ಪಿಸಿಕೊಳ್ಳುತ್ತಾನೆ, ತಡೆಯುತ್ತಾನೆ, ಬೇಡ ಬೇಡ ಎನ್ನುತ್ತಾನೆ. ಬರೀ ‘ಬೇಡ’ ಎನ್ನುವುದು ತತ್ತ್ವಜ್ಞಾನವಲ್ಲ.

ನನ್ನನ್ನು ನಿಜಕ್ಕೂ ಕಾಡುವ ಸಂಗತಿ ಇದು: ಡವ್ ಕೈಕಟ್ಟಿ ನಿಂತಿದ್ದ ಅದೇ ದೇಶದಲ್ಲಿ ಅಹಿಂಸೆ ಆಗಲೇ ಒಂದು ಪಳಗಿದ ಕಸುಬಾಗಿತ್ತು. ಜೇಮ್ಸ್ ಲಾಸನ್ ಎಂಬ ಪಾದ್ರಿ ಐವತ್ತರ ದಶಕದಲ್ಲಿ ನಾಗಪುರದಲ್ಲಿದ್ದು ಗಾಂಧೀಜಿಯ ಹೋರಾಟದ ಕ್ರಮವನ್ನು ಅಭ್ಯಾಸ ಮಾಡಿದ. ಊರಿಗೆ ಮರಳಿ ನ್ಯಾಶ್ವಿಲ್‌ನ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟ. ಒಬ್ಬರು ಕುರ್ಚಿಯಲ್ಲಿ ಕೂರುವುದು, ಗೆಳೆಯರೇ ಸುತ್ತ ನಿಂತು ಬಯ್ಯುವುದು, ತಳ್ಳುವುದು, ಕೂತವರು ಕೈ ಎತ್ತದಿರುವುದು. ಪೆಟ್ಟು ಬಿದ್ದಾಗ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಏಟು ಹೆಚ್ಚಾದರೆ ತಾನು ಹೇಗೆ ಅಡ್ಡ ಬರಬೇಕು, ಎಲ್ಲಕ್ಕೂ ಪಾಠವಿತ್ತು. 1960ರ ಫೆಬ್ರವರಿಯಲ್ಲಿ ಅವರು ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕಟ್ಟೆಗಳಲ್ಲಿ ಹೋಗಿ ಕೂತರು. ಮೇ ತಿಂಗಳಲ್ಲಿ ಆ ಕಟ್ಟೆಗಳು ಕಪ್ಪು ಜನರಿಗೂ ತೆರೆದವು. ಇದರಲ್ಲಿ ಸಾಹಸವಿದೆ, ಉಪಾಯವಿದೆ, ಗೆಲುವೂ ಇದೆ. ಕಾಮಿಕ್ಸ್ ಚೌಕಟ್ಟಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ? ಡವ್‌ನನ್ನು ಇಂದು ಬರೆಯುವವರು ಮೊದಲು ಮಾಡಬೇಕಾದ್ದು ಅವನಿಗೆ ಈ ಪಳಗಿಕೆ ಕೊಡುವುದು. ಗುಂಪಿನ ಕೋಪ ಎಲ್ಲಿ ತಿರುಗುತ್ತದೆಂದು ಓದಬಲ್ಲ ಕಣ್ಣು, ಬಂದೂಕು ಹಿಡಿದವನ ಹತ್ತಿರ ಹೋಗಿ ಮಾತಾಡಬಲ್ಲ ಎದೆ, ಏಟು ತಿಂದೂ ಜಾಗ ಬಿಡದ ದೇಹ.

ಕನ್ನಡದ ಓದುಗನಿಗೆ ಇದು ಹೊಸ ಮಾತೇನಲ್ಲ. ಪಂಪನ ‘ಆದಿಪುರಾಣ’ದ ಭರತ ಬಾಹುಬಲಿಯರೂ ಸೋದರರೇ. ಸೈನ್ಯಗಳು ಸಾಯುವುದು ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಜಗಳವನ್ನು ಇಳಿಸುತ್ತಾರೆ. ಹಿಂಸೆಯನ್ನು ಕಡಿಮೆ ಮಾಡುವ ಮೊದಲ ಹೆಜ್ಜೆ ಅಲ್ಲಿ ಕದನದ ಆಕಾರವನ್ನೇ ಬದಲಿಸುವುದು. ಮೂರರಲ್ಲೂ ಗೆದ್ದವನು ಬಾಹುಬಲಿ. ಗೆದ್ದು ಬಿಟ್ಟುಕೊಟ್ಟದ್ದರಿಂದಲೇ ಅವನ ತ್ಯಾಗಕ್ಕೆ ಆ ತೂಕ. ಸೋತು ಬಿಟ್ಟಿದ್ದರೆ ಅದನ್ನು ಯಾರು ತ್ಯಾಗವೆನ್ನುತ್ತಿದ್ದರು? ಡವ್‌ಗೆ ಹಾಕ್‌ನಷ್ಟೇ ಬಲವಿರುವುದು ದೋಷವಲ್ಲ, ಅದು ಕೈಗೆ ಬಂದ ಭಾಗ್ಯ. ಹೊಡೆದರೆ ಎದುರಾಳಿ ಸತ್ತೇ ಹೋಗುತ್ತಾನೆಂದು ಅವನಿಗೂ ಓದುಗನಿಗೂ ಸ್ಪಷ್ಟವಾಗಿ ಗೊತ್ತಿರಬೇಕು, ಅಷ್ಟೇ.

ಹಾಕ್ ಮತ್ತು ಡವ್ ಬಂದ ಎರಡು ವರ್ಷಗಳ ನಂತರ, 1970ರಲ್ಲಿ, ಇದೇ ಡಿಸಿ ಗ್ರೀನ್ ಲ್ಯಾಂಟರ್ನ್ ಮತ್ತು ಗ್ರೀನ್ ಆರೋ ಎಂಬ ಇಬ್ಬರು ಸೂಪರ್‌ಹೀರೋಗಳನ್ನು ಜೋಡಿಸಿತು. ಬರೆದವನು ಡೆನ್ನಿ ಓ’ನೀಲ್, ಚಿತ್ರ ನೀಲ್ ಆಡಮ್ಸ್‌ನದು. ಲ್ಯಾಂಟರ್ನ್ ಆಜ್ಞೆ ಪಾಲಿಸುವವನು, ಕಾನೂನಿನವನು. ಆರೋ ಬಡವರ ಪರ ಸಿಡಿಯುವವನು. ಶುರುವಿನ ಕತೆಗಳಲ್ಲಿ ಆರೋ ಮೇಷ್ಟ್ರು, ಲ್ಯಾಂಟರ್ನ್ ಬೈಸಿಕೊಳ್ಳುವ ಶಿಷ್ಯ. ಅವನ್ನು ಈಗ ಓದಿದರೆ ಭಾಷಣದ ವಾಸನೆ ಬರುತ್ತದೆ. ಆದರೆ 1971ರಲ್ಲಿ ಕತೆ ಆರೋನ ಮನೆಗೇ ನುಗ್ಗಿತು: ಅವನು ಸಾಕಿದ ಹುಡುಗ, ಜೊತೆಗಾರ ಸ್ಪೀಡಿ, ಹೆರಾಯಿನ್‌ಗೆ ಬಿದ್ದಿದ್ದಾನೆ. ಲೋಕಕ್ಕೆಲ್ಲ ಅಂತಃಕರಣ ಬೋಧಿಸುವ ಮನುಷ್ಯನಿಗೆ ಪಕ್ಕದ ಕೋಣೆಯ ನೋವು ಕಂಡಿರಲಿಲ್ಲ. ಕಂಡಾಗ ಅವನು ಕೈ ಎತ್ತಿದ. ಆ ಕ್ಷಣದಿಂದ ಜೋಡಿ ಸಮತೂಕಕ್ಕೆ ಬಂತು. ಲ್ಯಾಂಟರ್ನ್ ವಾದದಲ್ಲಿ ಗೆದ್ದನೆಂದಲ್ಲ. ಆರೋ ತಾನು ನಂಬಿದ್ದಕ್ಕೆ ಬೆಲೆ ತೆತ್ತ, ಅಥವಾ ತೆರಲಾರದೆ ಹೋದ. ಆದರ್ಶ ಬೆಲೆ ಕೇಳುವವರೆಗೆ ಅದು ಬರಿಯ ಘೋಷಣೆ.

ಹಾಕ್ ಮತ್ತು ಡವ್‌ಗೂ ಇಂಥ ಒಂದು ಅವಕಾಶ ಬಂದಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಡಾನ್ ಒಂದು ಮಗುವನ್ನು ಉಳಿಸುತ್ತ ಸತ್ತ. ತಡೆಯುವವನಿಲ್ಲದ ಹ್ಯಾಂಕ್ ದಿನೇದಿನೇ ಕ್ರೂರನಾದ. ಇದು ನಿಜವಾದ ಒಳನೋಟ. ಆದರೆ 1988ರಲ್ಲಿ ಡಾನ್ (Dawn) ಗ್ರೇಂಜರ್ ಎಂಬ ಹುಡುಗಿ ಹೊಸ ಡವ್ ಆಗಿ ಬಂದ ಮೇಲೆ ಇಬ್ಬರೂ ಅವ್ಯವಸ್ಥೆ ಮತ್ತು ವ್ಯವಸ್ಥೆ ಎಂಬ ವಿಶ್ವಶಕ್ತಿಗಳ ಪ್ರತಿನಿಧಿಗಳೆಂದು ಕತೆ ಹೇಳಿತು. ಆ ಡವ್ ಸ್ಥೈರ್ಯವಿರುವ, ಸೊಗಸಾದ ಪಾತ್ರ, ಅದನ್ನು ಒಪ್ಪುತ್ತೇನೆ. ಆದರೂ ನಂಬಿಕೆ ಹುಟ್ಟುಗುಣವಾಗಿಬಿಟ್ಟರೆ ಅದನ್ನು ಆರಿಸಿಕೊಳ್ಳುವ ಮನುಷ್ಯ ಎಲ್ಲಿ ಉಳಿದ? ಹಾಕ್ ಇಲ್ಲದೆ ಡವ್ ಏನಾಗುತ್ತಾನೆ ಎಂಬ ಪ್ರಶ್ನೆಯನ್ನಂತೂ ಯಾರೂ ಮನಸ್ಸಿಟ್ಟು ಕೇಳಲಿಲ್ಲ. ತನ್ನ ಕೈ ಶುದ್ಧವಾಗಿ ಉಳಿದದ್ದು ಬೇರೊಬ್ಬ ತನಗಾಗಿ ಕೈ ಹೊಲಸು ಮಾಡಿಕೊಂಡದ್ದರಿಂದ ಎಂದು ಅವನಿಗೆ ತಿಳಿದ ದಿನ ಹೇಗಿದ್ದೀತು?

ಇಂದಿನ ಓದುಗ ಬೆಳಗಿನಿಂದ ರಾತ್ರಿಯವರೆಗೆ ಮೊಬೈಲಿನಲ್ಲಿ ವಾದ ನೋಡುತ್ತಾನೆ. ಎರಡೂ ಕಡೆಯ ಮಾತು ಅವನಿಗೆ ಬಾಯಿಪಾಠ. ಇಬ್ಬರು ವೇಷಧಾರಿಗಳು ಚಾವಣಿಯ ಮೇಲೆ ನಿಂತು ಅದನ್ನೇ ಮತ್ತೆ ಹೇಳಿದರೆ ಪುಟ ತಿರುಗಿಸುತ್ತಾನೆ. ಕೊನೆಗೆ ಇಬ್ಬರದೂ ಸ್ವಲ್ಪ ಸ್ವಲ್ಪ ಸರಿ ಎಂದು ಕೈಕುಲುಕಿಸಿದರೆ ಇನ್ನೂ ಬೇಗ ತಿರುಗಿಸುತ್ತಾನೆ. ಅವನಿಗೆ ಬೇಕಾದದ್ದು ನಿರ್ಧಾರ, ಅದರಿಂದ ಆದ ನಷ್ಟ, ಮರುದಿನ ಆ ನಷ್ಟದ ಜೊತೆ ಒಂದೇ ಮನೆಯಲ್ಲಿ ಊಟಕ್ಕೆ ಕೂರಬೇಕಾದ ಇಬ್ಬರು. ಒಂದು ಕತೆಯಲ್ಲಿ ಡವ್‌ನ ತಾಳ್ಮೆಯಿಂದ ಯಾರೋ ಸಾಯಲಿ. ಇನ್ನೊಂದರಲ್ಲಿ ಹಾಕ್‌ನ ಏಟು ತಪ್ಪು ಮನುಷ್ಯನಿಗೆ ಬೀಳಲಿ. ಲೇಖಕ ಅದನ್ನು ಮುಂದಿನ ಸಂಚಿಕೆಯಲ್ಲಿ ಮಾಫಿ ಮಾಡಬಾರದು.

ಡಿಟ್ಕೊ ಮತ್ತು ಸ್ಕೀಟ್ಸ್ ಬಿಟ್ಟುಹೋದ ಒಂದು ಪಾತ್ರವಂತೂ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಆ ಸೋದರರ ತಂದೆ ಇರ್ವಿನ್ ಹಾಲ್ ನ್ಯಾಯಾಧೀಶ. ಮುಖವಾಡ ಹಾಕಿ ನ್ಯಾಯ ಕೊಡಹೊರಡುವವರನ್ನು ಒಪ್ಪದವನು, ಅವರು ತನ್ನ ಮಕ್ಕಳೆಂದು ಅರಿಯದವನು. ಹೊಸದಾಗಿ ಬರೆಯುವವರು ಇಲ್ಲಿಂದಲೇ ತೊಡಗಬಹುದು. ಹಾಕ್ ಹೊಡೆದ ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಮೇಲೇಳದೆ ಮಲಗಿದ್ದಾನೆ. ಮೊಕದ್ದಮೆ ಇರ್ವಿನ್ ಹಾಲ್‌ನ ಮುಂದೆ ಬಂದಿದೆ. ಕಣ್ಣಾರೆ ಕಂಡ ಸಾಕ್ಷಿ ಡವ್ ಒಬ್ಬನೇ. ಯಾರಿಗೂ ನೋವು ಕೊಡೆನೆಂದು ಪಣ ತೊಟ್ಟವನು ಈಗ ನಿಜ ಹೇಳಿ ಒಡಹುಟ್ಟಿದವನನ್ನು ಜೈಲಿಗೆ ಕಳಿಸುತ್ತಾನೋ, ಸುಮ್ಮನಿದ್ದು ಹಾಸಿಗೆ ಹಿಡಿದವನಿಗೆ ಎರಡನೆಯ ಏಟು ಕೊಡುತ್ತಾನೋ?