ಲೆಕ್ಕಕ್ಕೆ ಬಾರದ ಗೆಳೆತನ

2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಯವರಿಗೆ ಶಾಲೆ ಮತ್ತೆ ತೆರೆಯಿತು. ಗೋಕಾಕ ತಾಲೂಕಿನ ಧುಪದಾಳದ ನಮ್ಮ ಓಣಿಯಿಂದ ಹೊರಟ ಮಕ್ಕಳಲ್ಲಿ ನನ್ನ ಮಗಳೂ ಇದ್ದಳು. ಎರಡನೇ ತರಗತಿಯಲ್ಲಿ ಮನೆ ಸೇರಿದವಳು ನಾಲ್ಕನೆಯದಕ್ಕೆ ಹೊರಟಿದ್ದಳು. ಪಾಟಿಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು ಕೇಳಿದಳು: "ಅವ್ವಾ, ಆಕಿ ಇನ್ನೂ ನನ್ನ ಗೆಳತಿ ಹೌದೋ ಅಲ್ಲೋ?"

ಮಗ್ಗಿ ಮರೆತದ್ದಕ್ಕೆ ಆಕೆಗೆ ಅಂಜಿಕೆಯಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ತನ್ನನ್ನು ಮರೆತಿದ್ದರೆ ಎಂಬುದೇ ಅಂಜಿಕೆ. ಆ ಹುಡುಗಿ ಬರಲೇ ಇಲ್ಲ. ಕೂಲಿ ಹುಡುಕಿಕೊಂಡು ಅವರ ಮನೆಯವರು ಊರು ಬಿಟ್ಟಿದ್ದರು.

ನನ್ನ ತಕರಾರು ಇರುವುದು ಇಲ್ಲೇ. ಕೋವಿಡ್ ಮಕ್ಕಳಿಂದ ಕಸಿದದ್ದನ್ನು ನಾವು ಪಾಠದ ಲೆಕ್ಕದಲ್ಲಷ್ಟೇ ಬರೆದುಕೊಂಡೆವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳ ಅಧ್ಯಯನ ಮಾಡಿತು. ಶೇ. 92ರಷ್ಟು ಮಕ್ಕಳು ಭಾಷೆಯಲ್ಲಿ ಮೊದಲು ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಬೇಕಾದ ಅಧ್ಯಯನವೇ. ಸರ್ಕಾರವೂ 2022–23ರಲ್ಲಿ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮ ತಂದಿತು. ಅಕ್ಷರ ಮರೆತವರಿಗೆ ಚೇತರಿಕೆ ಸಿಕ್ಕಿತು; ಗೆಳೆಯರನ್ನು ಕಳೆದುಕೊಂಡವರಿಗೆ ಏನು ಸಿಕ್ಕಿತು?

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ತೆರೆದ ಸರದಿ ನೋಡಿ. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮೊದಲು ಶುರುವಾದವು. ಅವರಿಗೆ ಪರೀಕ್ಷೆ ಇತ್ತು. ಏಪ್ರಿಲ್‌ನಲ್ಲಿ ಆರರಿಂದ ಒಂಬತ್ತನೇ ತರಗತಿ ಮತ್ತೆ ನಿಂತವು. ಅದೇ ತಿಂಗಳ 17ರಂದು ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದ ಉಪಚುನಾವಣೆ ಮಾತ್ರ ನಿಲ್ಲಲಿಲ್ಲ. ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಒಂಬತ್ತು, ಹತ್ತರ ತರಗತಿಗಳು ತೆರೆದದ್ದು ಆಗಸ್ಟ್ 23ಕ್ಕೆ. ಪರೀಕ್ಷೆ ಬರೆಯಲು ಶಾಲೆಗೆ ಹೋಗಬಹುದಿತ್ತು, ಗೆಳೆಯನನ್ನು ಕಾಣಲು ಹೋಗುವಂತಿರಲಿಲ್ಲ. ಒಡನಾಟದಿಂದಲೇ ಲೋಕ ಕಲಿಯುವ ಚಿಕ್ಕವರದು ಕೊನೆಯ ಸರದಿ.

ವಿಪತ್ತು ನಮಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿತ್ತು. ಆಗಲೂ ಪುಸ್ತಕ ನೀರುಪಾಲಾದವು, ಪಾಠ ನಿಂತಿತು. ಆದರೆ ಪರಿಹಾರ ಕೇಂದ್ರದಲ್ಲೂ ಮಕ್ಕಳು ಮಕ್ಕಳೊಂದಿಗಿದ್ದರು. ಕೋವಿಡ್‌ನಲ್ಲಿ ಬಿಸಿಯೂಟದ ಅಕ್ಕಿ ಬೇಳೆ ಮನೆಗೆ ಬಂತು, ಪಂಕ್ತಿ ಬರಲಿಲ್ಲ. ಚಂದನ ವಾಹಿನಿಯಲ್ಲಿ ಪಾಠ ಬಂತು, ಪಾಠದ ನಡುವೆ ಕಿವಿಯಲ್ಲಿ ಪಿಸುಗುಟ್ಟುವವರು ಬರಲಿಲ್ಲ.

ಮೊಬೈಲ್ ಇತ್ತಲ್ಲ ಎನ್ನುವವರಿದ್ದಾರೆ. ಯಾರ ಕೈಯಲ್ಲಿತ್ತು? ನಮ್ಮ ಓಣಿಯಲ್ಲಿ ಹಗಲು ಅಪ್ಪನ ಕಿಸೆಯಲ್ಲಿ, ಸಂಜೆ ಅಣ್ಣನ ಕೈಯಲ್ಲಿ. ಹುಡುಗಿಯ ಪಾಳಿ ಬರುವಷ್ಟರಲ್ಲಿ ಚಾರ್ಜ್ ಮುಗಿದಿರುತ್ತಿತ್ತು. ಹದಿಹರೆಯದ ಹುಡುಗರು ಹೇಗೋ ಆಣೆಕಟ್ಟಿನ ಕಡೆ ಹೋಗಿ ಗುಂಪಾಗಿ ಕೂರುತ್ತಿದ್ದರು. ಅವರ ಅಕ್ಕತಂಗಿಯರಿಗೆ, ಮನೆಯವರ ಒಪ್ಪಿಗೆಯಿಂದ ಗೆಳತಿಯರನ್ನು ಕಾಣುವ ಜಾಗವೆಂದರೆ ಶಾಲೆಯೊಂದೇ. ಅದು ಮುಚ್ಚಿದಾಗ ಅವರ ಪಾಲಿಗೆ ಉಳಿದದ್ದು ಅಡುಗೆಮನೆ.

ಬೇರೆ ದಾರಿ ಇರಲಿಲ್ಲವೆಂದೂ ಹೇಳುವಂತಿಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'ದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಸಣ್ಣ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ಭಯ ಸುಳ್ಳಲ್ಲ, ಶಿಕ್ಷಕರೂ ಸತ್ತಿದ್ದರು. ಆದರೆ ಪಾಠ ನಿಂತಿತೆಂದು ಮರುಗಿದವರನ್ನು ಕಂಡಿದ್ದೇನೆ, ಮಕ್ಕಳ ಭೇಟಿ ನಿಂತಿತೆಂದು ಮರುಗಿದವರನ್ನು ಕಾಣಲಿಲ್ಲ.

ಬೆರಳನ್ನು ಸರ್ಕಾರದ ಕಡೆಗಷ್ಟೇ ತೋರಿಸಿ ಕೈತೊಳೆದುಕೊಳ್ಳಲಾರೆ. ಎರಡನೇ ಅಲೆ ಇಳಿದ ಮೇಲೆ ಆ ಹುಡುಗಿ ಒಮ್ಮೆ ನಮ್ಮ ಕಟ್ಟೆಯವರೆಗೆ ಬಂದಿದ್ದಳು. "ಈಗ ಬ್ಯಾಡವ್ವಾ, ಸಾಲಿ ಸುರು ಆದ ಮ್ಯಾಲೆ ಆಡ್ರಿ" ಎಂದು ಕಳಿಸಿದವಳು ನಾನೇ. ಆ ಹೊತ್ತಿಗೆ ನಾನು ಸಂತೆಗೆ ಹೋಗುತ್ತಿದ್ದೆ, ಮದುವೆಗೂ ಹೋಗಿ ಬಂದಿದ್ದೆ. ಮಕ್ಕಳ ಆಟ ಕಾಯಬಹುದು, ದೊಡ್ಡವರ ಕೆಲಸ ಕಾಯಲಾರದು ಎಂದುಕೊಂಡಿದ್ದೆ. ಸರದಿ ಬರೆದವರು ಎಣಿಸಿದ್ದೂ ಅದನ್ನೇ.

ಮುಂದೆ ಹೊಳೆ ಬರಲಿ, ರೋಗ ಬರಲಿ, ಶಾಲೆ ಮುಚ್ಚುವ ಆದೇಶದಲ್ಲಿ ಮಕ್ಕಳು ಎಲ್ಲಿ, ಹೇಗೆ ಭೇಟಿಯಾಗಬೇಕೆಂಬುದಕ್ಕೂ ಒಂದು ಸಾಲು ಇರಲಿ. ಬಯಲಿನಲ್ಲಿ ನಾಲ್ಕೇ ಮಕ್ಕಳಾದರೂ ಸರಿ. ಶಾಲೆ ತೆರೆದ ಮೊದಲ ವಾರ ಪರೀಕ್ಷೆ ಬೇಡ, ಮಾತಾಡಲಿ, ಆಡಲಿ. ಊರು ಬಿಟ್ಟ ಮಗು ಎಲ್ಲಿ ಹೋಯಿತೆಂದು ಶಾಲೆ ವಿಚಾರಿಸಲಿ, ಜೊತೆಗಾರರಿಗೂ ತಿಳಿಸಲಿ.

ನನ್ನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಮಗ್ಗಿಯನ್ನು ಆಕೆ ಎರಡೇ ತಿಂಗಳಲ್ಲಿ ಮತ್ತೆ ಕಲಿತಳು. ಆ ಗೆಳತಿ ಯಾವ ಊರಲ್ಲಿದ್ದಾಳೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.