ಚರ್ಮ ಬದಲಿಸಿ ಬಂದವನನ್ನೇ ನಂಬಬೇಕಾ?

ಬಿಳಿಯ ಪತ್ರಕರ್ತನೊಬ್ಬ ಕೆಲವು ವಾರ ಕಪ್ಪು ಮನುಷ್ಯನಾಗಿ ಬದುಕಿ ನೋಡಿದ ಕಥೆ ನಿಮಗೆ ಗೊತ್ತಾ? ಅವರ ಹೆಸರು ಜಾನ್ ಹೋವರ್ಡ್ ಗ್ರಿಫಿನ್, ಅಮೆರಿಕದ ಟೆಕ್ಸಾಸ್‌ನವರು. 1959ರ ನವೆಂಬರ್‌ನಲ್ಲಿ ಅವರು ನ್ಯೂ ಆರ್ಲಿಯನ್ಸ್ ನಗರದ ಚರ್ಮದ ಡಾಕ್ಟರ ಸಹಾಯ ಪಡೆದರು. ತೊನ್ನಿಗೆ ಕೊಡುವ ಮಾತ್ರೆ ನುಂಗಿದರು. ಮೈ ಕಪ್ಪಾಗಲೆಂದು ಗಂಟೆಗಟ್ಟಲೆ ವಿಶೇಷ ದೀಪದ ಕೆಳಗೆ ಮಲಗಿದರು. ತಲೆ ಬೋಳಿಸಿ, ಮೈಗೆ ಬಣ್ಣ ತಿಕ್ಕಿಕೊಂಡು ದಕ್ಷಿಣದ ರಾಜ್ಯಗಳಲ್ಲಿ ತಿರುಗಾಡಿದರು. ಹೆಸರು ಬದಲಿಸಲಿಲ್ಲ. ಓದು, ಮಾತು, ನಡತೆ ಎಲ್ಲಾ ಅದೇ. ಬದಲಾದದ್ದು ಬಣ್ಣ ಒಂದೇ.

ಅವರಿಗೆ ದೊಡ್ಡ ಕಷ್ಟ ಅನ್ನಿಸಿದ್ದು ಹೊಡೆತ ಬಡಿತ ಅಲ್ಲ, ದಿನನಿತ್ಯದ ಸಣ್ಣ ಸಂಗತಿಗಳು. ನೀರು ಎಲ್ಲಿ ಕುಡಿಯಲಿ? ಶೌಚಕ್ಕೆ ಎಲ್ಲಿ ಹೋಗಲಿ? ಮನೆ ಬಿಡುವ ಮೊದಲೇ ಇದನ್ನೆಲ್ಲ ಲೆಕ್ಕ ಹಾಕಬೇಕಿತ್ತು. ಬಸ್ಸು ನಿಂತಾಗ ಬಿಳಿಯರು ಇಳಿದರು, ಕಪ್ಪು ಜನರನ್ನು ಡ್ರೈವರ್ ಇಳಿಯಲು ಬಿಡಲಿಲ್ಲ. ಆಮೇಲೆ ಮಾಂಟ್ಗೊಮರಿಯಲ್ಲಿ ಅವರು ಮತ್ತೆ ಬಿಳಿಯರಾದರು. ಕಪ್ಪಾಗಿದ್ದಾಗ ದುರುಗುಟ್ಟಿ ನೋಡುತ್ತಿದ್ದಂಥ ಬಿಳಿಯರೇ ಈಗ ನಗುತ್ತಾ ಮಾತಾಡಿಸಿದರು. ಮನುಷ್ಯ ಅವನೇ.

ಇದೆಲ್ಲ 1960ರಲ್ಲಿ ಪತ್ರಿಕೆಯಲ್ಲಿ, 1961ರಲ್ಲಿ ‘ಬ್ಲ್ಯಾಕ್ ಲೈಕ್ ಮಿ’ ಪುಸ್ತಕವಾಗಿ ಬಂತು. ಅವರ ಊರಿನವರೇ ಅವರ ಪ್ರತಿಕೃತಿ ಮಾಡಿ ಬೀದಿಯಲ್ಲಿ ನೇತುಹಾಕಿದರು. ಕುಟುಂಬ ಕೆಲಕಾಲ ಮೆಕ್ಸಿಕೋಗೆ ಹೋಗಿ ಇರಬೇಕಾಯಿತು.

ಗ್ರಿಫಿನ್ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಒಂದು ಪ್ರಶ್ನೆ ಇದೆ. ಅವರು ಬರೆದದ್ದರಲ್ಲಿ ಕಪ್ಪು ಜನ ಅದುವರೆಗೆ ಹೇಳದೇ ಇದ್ದದ್ದು ಏನಿತ್ತು? ತಲೆಮಾರುಗಳಿಂದ ಅವರು ಹೇಳುತ್ತಲೇ ಇದ್ದರು, ಬರೆಯುತ್ತಲೇ ಇದ್ದರು. ಬಿಳಿಯ ಓದುಗರು ನಂಬಿದ್ದು ಮಾತ್ರ ತಮ್ಮವನೊಬ್ಬ ಹೋಗಿ ನೋಡಿ ಬಂದ ಮೇಲೆ. ಗ್ರಿಫಿನ್‌ಗೂ ಇದು ಗೊತ್ತಿತ್ತು. ಕಪ್ಪು ಜನರ ಪರವಾಗಿ ಬಿಳಿಯ ತಾನು ಮಾತಾಡೋದು ಸರಿಯಲ್ಲ, ಅವರ ಮಾತನ್ನು ಅವರಿಂದಲೇ ಕೇಳಬೇಕು ಎಂಬ ನಿಲುವಿಗೆ ಅವರು ಮುಂದೆ ಬಂದರು. ಇನ್ನೊಂದು ವಿಷಯ. ಮಾತ್ರೆ ನಿಲ್ಲಿಸಿದರೆ ಅವರ ಬಣ್ಣ ವಾಪಸ್ ಬರುತ್ತಿತ್ತು. ಹುಟ್ಟಿನಿಂದ ಕಪ್ಪಾದವರಿಗೆ ನಿಲ್ಲಿಸೋಕೆ ಯಾವ ಮಾತ್ರೆ ಇದೆ?

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇವರು. ಕೊಂಕಣಿ, ಕನ್ನಡ ಆಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಇಲ್ಲಿನ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ಇಷ್ಟಾದರೂ ಸಿದ್ದಿ ಹುಡುಗ ಬೇರೆ ಊರಿಗೆ ಹೋದರೆ ‘ಯಾವ ದೇಶ?’ ಅಂತ ಕೇಳುವವರು ಇದ್ದೇ ಇದ್ದಾರೆ.

ಬಣ್ಣ ನೋಡಿ ಜನರನ್ನು ಒಂದೇ ಗಂಟು ಕಟ್ಟಿದರೆ ಏನಾಗುತ್ತೆ ಅನ್ನೋದನ್ನು ಬೆಂಗಳೂರು ನೋಡಿದೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಸುಡಾನ್‌ನ ಒಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ದೇಶ ಕೂಡ ಬೇರೆ. ಗುಂಪಿಗೆ ಕಂಡದ್ದು ಬಣ್ಣ ಮಾತ್ರ.

ಹಳ್ಳಿಯವರಾದ ನಮಗೆ ಇದು ಅರ್ಥವಾಗದ ವಿಷಯ ಅಲ್ಲ. ನೀರು ಎಲ್ಲಿ ಕುಡಿಯಲಿ ಅಂತ ಮೊದಲೇ ಲೆಕ್ಕ ಹಾಕಿ ಮನೆ ಬಿಡಬೇಕಾದವರು ನಮ್ಮ ಕೇರಿಗಳಲ್ಲೂ ಇದ್ದರು, ಕೆಲವು ಕಡೆ ಈಗಲೂ ಇದ್ದಾರೆ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟದ್ದು ಬಣ್ಣ ನೋಡಿ ಅಲ್ಲ, ಜಾತಿ ಕೇಳಿ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಬಾಯಾರಿದವನ ಕಷ್ಟ ಒಂದೇ.

ಹಾಗಾದರೆ ನಾವೂ ಬಣ್ಣ ಬಳಿದುಕೊಂಡು ಹೋಗಬೇಕಾ? ಬೇಡ. ಅದಕ್ಕಿಂತ ಸುಲಭದ ದಾರಿ ಇದೆ. ಅನುಭವಿಸಿದವರು ಹೇಳಿದಾಗ ‘ಅಯ್ಯೋ, ಈಗ ಅದೆಲ್ಲ ಎಲ್ಲಿದೆ ಬಿಡಿ’ ಅನ್ನದೆ ಕೇಳುವುದು. ಪತ್ರಕರ್ತರಾದ ನಾವು ಅವರ ಕಥೆಯನ್ನು ಅವರ ಬಾಯಲ್ಲೇ ಬರೆಸುವುದು. ಬಸ್ಸಿನಲ್ಲಿ ಪಕ್ಕ ಕೂತ ಸಿದ್ದಿ ಹುಡುಗನಿಗೆ, ಎಲ್ಲರಿಗೂ ಕೇಳುವ ಹಾಗೆ, ‘ಯಾವೂರು ತಮ್ಮಾ?’ ಅಂತ ಕೇಳುವುದು. ಅವನು ಯಲ್ಲಾಪುರ ಅಂದರೆ ಯಲ್ಲಾಪುರವೇ. ‘ಅದಕ್ಕೂ ಮೊದಲು ಎಲ್ಲಿ?’ ಅಂತ ಇನ್ನೊಂದು ಪ್ರಶ್ನೆ ಬೇಡ. ಆ ಪ್ರಶ್ನೆಯನ್ನು ನಮಗೆ ಯಾರೂ ಕೇಳುವುದಿಲ್ಲವಲ್ಲ.