ನಿಯಮದ ಜೊತೆ ಕಾರಣವೂ ಇರಲಿ

‘ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಗಳನ್ನು ಏಕೆ ಬಳಸುತ್ತಾರೆ?’ ಎಂಬ ಪ್ರಶ್ನೆಗೆ ಎಂಟನೇ ತರಗತಿಯಲ್ಲಿ ನಾವು ಬರೆದ ಉತ್ತರ: ‘ಗಾಜು ಯಾವ ರಾಸಾಯನಿಕದೊಂದಿಗೂ ವರ್ತಿಸುವುದಿಲ್ಲ.’ ಪೂರ್ತಿ ಅಂಕ ಬಂತು. ಆ ಉತ್ತರ ಪೂರ್ತಿ ನಿಜವಲ್ಲ ಎಂದು ಗೊತ್ತಾದದ್ದು ಈ ವರ್ಷ, ಹನ್ನೊಂದನೇ ತರಗತಿಯಲ್ಲಿ. ಅದೂ ಪುಸ್ತಕದಿಂದಲ್ಲ, ಒಂದು ಬ್ಯೂರೆಟ್ ಹಾಳು ಮಾಡಿದ ಮೇಲೆ.

ಈದ್ ರಜೆಯ ಹಿಂದಿನ ದಿನ ಟೈಟ್ರೇಷನ್ ಇತ್ತು. ಬೆಲ್ ಹೊಡೆಯಿತು, ಬಸ್ಸು ಹೊರಟುಬಿಡುತ್ತದೆ ಎಂಬ ಅವಸರ. ಬ್ಯೂರೆಟ್ಟಿನಲ್ಲಿ ಉಳಿದಿದ್ದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಚೆಲ್ಲದೆ, ತೊಳೆಯದೆ ಹಾಗೆಯೇ ಬಿಟ್ಟು ಓಡಿದೆವು. ರಜೆ ಮುಗಿಸಿ ಬಂದು ನೋಡಿದರೆ ಅದರ ಗಾಜಿನ ನಲ್ಲಿ ಒಂದಿಷ್ಟೂ ತಿರುಗಲಿಲ್ಲ. ಬಲವಾಗಿ ತಿರುಗಿಸಲು ಹೋದಾಗ ಮುರಿದೇ ಹೋಯಿತು. ಯಾರ ಕೈಗೂ ಗಾಯವಾಗಲಿಲ್ಲ, ಅದೇ ಪುಣ್ಯ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಹಾಗಾಯಿತು ನಮ್ಮ ಗತಿ. ‘ಕೆಲಸ ಮುಗಿದ ಕೂಡಲೇ ಬ್ಯೂರೆಟ್ ತೊಳೆಯಿರಿ’ ಎಂದು ಲ್ಯಾಬಿನ ಗೋಡೆಯ ಮೇಲೆ ಬರೆದೇ ಇತ್ತು. ನಾವೆಲ್ಲ ಓದಿಯೂ ಇದ್ದೆವು. ಆದರೆ ಅದು ಬರೀ ಸ್ವಚ್ಛತೆಯ ಮಾತು ಎಂದುಕೊಂಡಿದ್ದೆವು.

ನಿಜವಾದ ಕಾರಣ ಬೇರೆಯೇ ಇದೆ. ಗಾಜಿನ ಮುಖ್ಯ ಭಾಗ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಕಿಟಕಿ, ಬಾಟಲಿಗಳ ಸಾಧಾರಣ ಗಾಜಿನಲ್ಲಿ ಅದು ಸುಮಾರು ಶೇಕಡಾ 70ರಷ್ಟಿರುತ್ತದೆ. ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಆ ಬಲೆಯ ಸಂದುಗಳಲ್ಲಿ ಕುಳಿತಿರುತ್ತವೆ. ಆಮ್ಲ ತಗುಲಿದರೆ ಮೇಲ್ಮೈಯ ಸ್ವಲ್ಪ ಸೋಡಿಯಂ ಹೊರಗೆ ಬರುತ್ತದೆ, ಬಲೆ ಮಾತ್ರ ಉಳಿಯುತ್ತದೆ. ಹಾಗೆ ಉಳಿದ ಸಿಲಿಕಾ ಪದರವೇ ಒಳಗಿನ ಗಾಜನ್ನು ಕಾಯುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಇದಕ್ಕೆ ಅಪವಾದ. ಅದು ಗಾಜನ್ನೇ ತಿನ್ನುತ್ತದೆ. ಕ್ಷಾರದ ರೀತಿಯೂ ಬೇರೆ. ಅದರ ಹೈಡ್ರಾಕ್ಸೈಡ್ ಅಯಾನುಗಳು ಬಲೆಯ ಕೊಂಡಿಗಳನ್ನೇ ಕಡಿಯುತ್ತವೆ, ಸಿಲಿಕಾ ನಿಧಾನವಾಗಿ ಕರಗಿ ಸೋಡಿಯಂ ಸಿಲಿಕೇಟ್ ಆಗುತ್ತದೆ. ಇದರ ದಪ್ಪ ದ್ರಾವಣಕ್ಕೆ ‘ವಾಟರ್ ಗ್ಲಾಸ್’ ಎಂದು ಹೆಸರು. ರಟ್ಟಿನ ಪೆಟ್ಟಿಗೆ ಅಂಟಿಸಲು ಬಳಸುತ್ತಾರೆ. ನಮ್ಮ ಬ್ಯೂರೆಟ್ಟಿನ ನಲ್ಲಿಯ ಸಂದಿನಲ್ಲಿ ಆದದ್ದೂ ಇದೇ. ಜೊತೆಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಕೂಡ ಗಟ್ಟಿಯಾಯಿತು. ಎರಡೂ ಸೇರಿ ನಲ್ಲಿಯನ್ನು ಅಂಟಿಸಿಬಿಟ್ಟವು.

‘ಅದು ಲ್ಯಾಬಿನ ಒಳ್ಳೆಯ ಗಾಜಲ್ಲವೇ?’ ಎಂದು ನಾವೂ ಕೇಳಿದೆವು. ಹೌದು, ಅದು ಬೋರೋಸಿಲಿಕೇಟ್ ಗಾಜು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಆಟೊ ಷಾಟ್ ರೂಪಿಸಿದ್ದು. 1915ರಲ್ಲಿ ಅಮೆರಿಕದಲ್ಲಿ ‘ಪೈರೆಕ್ಸ್’ ಹೆಸರಿನಲ್ಲಿ ಇಂಥ ಗಾಜು ಮಾರಾಟಕ್ಕೆ ಬಂತು. ಅದು ಬಿಸಿಯನ್ನೂ ಆಮ್ಲವನ್ನೂ ಚೆನ್ನಾಗಿ ತಡೆಯುತ್ತದೆ. ಕ್ಷಾರದ ಮುಂದೆ ಅದೂ ಸವೆಯುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಗಾಜು ಹುಟ್ಟುವುದೂ ಕ್ಷಾರದಿಂದಲೇ. ಶುದ್ಧ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ ಬೆರೆಸಿದರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಕರಗುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಚೌಳು ಮಣ್ಣಿನ ಸೋಡಾ ಮತ್ತು ಬೆಣಚುಕಲ್ಲಿನಿಂದ ಬಳೆಯ ಗಾಜು ಮಾಡುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಶಾಲೆಯ ಪುಸ್ತಕವಿಲ್ಲದೆಯೂ ಆ ಕೆಲಸಗಾರರಿಗೆ ಯಾವುದನ್ನು ಯಾವುದಕ್ಕೆ ಬೆರೆಸಬೇಕೆಂದು ಕೈಯಾರೆ ಮಾಡಿ ಗೊತ್ತಿತ್ತು. ನಮಗೆ ಸೂತ್ರ ಬಾಯಿಪಾಠವಿದೆ, ಬ್ಯೂರೆಟ್ ಮಾತ್ರ ಮುರಿಯುತ್ತದೆ!

ಆದ್ದರಿಂದ ನಾವು ಹೇಳುವುದಿಷ್ಟೆ: ನಿಯಮ ಕಲಿಸುವಾಗ ಅದರ ಕಾರಣವನ್ನೂ ಹೇಳಿಕೊಡಿ. ಕಾರಣ ಗೊತ್ತಿಲ್ಲದ ನಿಯಮ ಬೆಲ್ ಹೊಡೆದ ಕೂಡಲೇ ಮರೆತುಹೋಗುತ್ತದೆ.

ಇದಕ್ಕೆ ಆಕ್ಷೇಪಣೆ ಇದೆ ಎಂದು ಬಲ್ಲೆವು. ಪಾಠ ಮುಗಿಸಬೇಕು, ಬೋರ್ಡ್ ಪರೀಕ್ಷೆ ಹತ್ತಿರ ಬಂತು, ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ ಕುಳಿತರೆ ಹೇಗೆ ಎಂದು ಟೀಚರುಗಳು ಕೇಳಬಹುದು. ಅಪಾಯದ ವಿಷಯದಲ್ಲಿ ಮೊದಲು ಪಾಲಿಸಬೇಕು, ಆಮೇಲೆ ಪ್ರಶ್ನೆ ಕೇಳಬೇಕು ಎಂಬುದನ್ನೂ ಒಪ್ಪುತ್ತೇವೆ. ಆದರೆ ಬರೀ ನಿಯಮ ಎಲ್ಲ ಕಡೆಯೂ ಸಾಲದು. ‘ಕ್ಷಾರವನ್ನು ಗಾಜಿನಲ್ಲಿ ಇಡಬಾರದು’ ಎಂದಷ್ಟೇ ಕಲಿತವರು, ಟೈಟ್ರೇಷನ್ನಿಗೆ ಅದೇ ಕ್ಷಾರವನ್ನು ಗಾಜಿನ ಬ್ಯೂರೆಟ್ಟಿಗೆ ತುಂಬುವುದನ್ನು ಕಂಡು ಗೊಂದಲಕ್ಕೆ ಬೀಳುತ್ತಾರೆ. ಕಾರಣ ತಿಳಿದವರಿಗೆ ಗೊಂದಲವಿಲ್ಲ: ತೆಳು ದ್ರಾವಣ ಅರ್ಧ ಗಂಟೆ ಇದ್ದರೆ ಚಿಂತೆಯಿಲ್ಲ; ಸಾಂದ್ರ ದ್ರಾವಣ, ಬಿಸಿ, ಬಹಳ ದಿನ ಇದ್ದರೆ ತೊಂದರೆ. ಅದಕ್ಕೇ ಸಂಗ್ರಹಕ್ಕೆ ಪ್ಲಾಸ್ಟಿಕ್ ಬಾಟಲಿ.

ಇದು ಲ್ಯಾಬಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಇಲ್ಲಿ ಕಟ್ಟಡದ ಕೆಲಸದಲ್ಲಿರುವ ತಂದೆಯವರಿಗೆ ಗೊತ್ತಿರುತ್ತದೆ: ಸಿಮೆಂಟಿನ ಕ್ಷಾರ ಕೆಲವು ಬಗೆಯ ಜಲ್ಲಿಯ ಸಿಲಿಕಾದೊಡನೆ ವರ್ತಿಸಿದರೆ ಒಂದು ಅಂಟು ಉಂಟಾಗಿ, ನೀರು ಹೀರಿ ಉಬ್ಬಿ, ಕಾಂಕ್ರೀಟನ್ನೇ ಬಿರುಕು ಬಿಡಿಸುತ್ತದೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಥಾಮಸ್ ಸ್ಟ್ಯಾಂಟನ್ 1940ರಲ್ಲಿ ಇದನ್ನು ತೋರಿಸಿಕೊಟ್ಟರು. ಮನೆಯಲ್ಲಿಯೂ ಅಷ್ಟೆ. ಸಿಂಕ್ ಕಟ್ಟಿಕೊಂಡಾಗ ಸುರಿಯುವ ಪುಡಿಗಳಲ್ಲಿ ಹಲವು ಕಾಸ್ಟಿಕ್ ಸೋಡಾ ಇರುವಂಥವು. ‘ಮುಟ್ಟಬೇಡ’ ಎನ್ನುವ ಅಮ್ಮ, ‘ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ’ ಎಂದೂ ಸೇರಿಸಲಿ. ಅದನ್ನು ಬೇರೆ ಬಾಟಲಿಗೆ ಸುರಿದಿಡುವುದಂತೂ ಬೇಡವೇ ಬೇಡ.

ನಮ್ಮ ಕೋರಿಕೆ ಎರಡೇ. ಲ್ಯಾಬಿನ ಗೋಡೆಯ ನಿಯಮಗಳ ಪಕ್ಕದಲ್ಲಿ ‘ಏಕೆ?’ ಎಂಬ ಇನ್ನೊಂದು ಸಾಲು ಇರಲಿ. ರೆಕಾರ್ಡ್ ಪುಸ್ತಕದಲ್ಲಿ ಲೆಕ್ಕಕ್ಕೆ ಅಂಕ ಕೊಡುವಂತೆ, ಒಂದು ಅಂಕ ಕಾರಣಕ್ಕೂ ಇರಲಿ. ಹೊಸ ಫಲಕವನ್ನು ನಮ್ಮ ಶಾಲೆಯ ಎಲ್ಲ ಭಾಷೆಗಳಲ್ಲಿ ಬರೆದುಕೊಡಲು ನಾವೇ ತಯಾರಿದ್ದೇವೆ. ಮುರಿದ ಬ್ಯೂರೆಟ್ಟಿಗೆ ನಮ್ಮ ಕೆಮಿಸ್ಟ್ರಿ ಮಿಸ್ ಬೈಯಲಿಲ್ಲ. ‘ಏಕೆ ಹೀಗಾಯಿತು, ಹುಡುಕಿ ಬನ್ನಿ’ ಎಂದಷ್ಟೇ ಹೇಳಿದರು. ಈ ಲೇಖನ ಹುಟ್ಟಿದ್ದು ಹಾಗೆ. ಮುಂದಿನ ವರ್ಷ ಬರುವ ತಮ್ಮ ತಂಗಿಯರು ಅದೇ ಪಾಠವನ್ನು ಬ್ಯೂರೆಟ್ ಮುರಿಯದೆ ಕಲಿಯಲಿ ಎಂಬುದೇ ನಮ್ಮ ಆಸೆ.